ಬುತ್ತಿ ಹೊತ್ತವಳಿಗೆ ಆರತಿ

ಹೋದ ತಿಂಗಳು ಬಂಗಾರಪೇಟೆಯ ಥಿಯೇಟರಿನಲ್ಲಿ ಕೂತಿದ್ದಾಗ ಮೂಗಿಗೆ ಕರ್ಪೂರದ ವಾಸನೆ ಬಡಿಯಿತು. ಮಗಳು ಹಟ ಮಾಡಿ ಕರೆದುಕೊಂಡು ಹೋಗಿದ್ದ ಭಕ್ತಿ ಸಿನಿಮಾ ಅದು. ಹಿಂದಿನ ಕಾಲದ ಒಬ್ಬ ದಂಡನಾಯಕ, ಊರಿಗೆ ಊರನ್ನೇ ಸುಟ್ಟವನು, ವಯಸ್ಸಾದ ಮೇಲೆ ಮನಸ್ಸು ತಿರುಗಿ ಬೆಟ್ಟದ ದೇವರ ಹತ್ತಿರಕ್ಕೆ ಮಂಡಿಯಲ್ಲೇ ಮೆಟ್ಟಿಲು ಹತ್ತುತ್ತಾನೆ. ದೇವರು ಗರ್ಭಗುಡಿಯಿಂದ ಎದ್ದು ಬಂದು ಅವನನ್ನು ತಬ್ಬಿಕೊಳ್ಳುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಯಾರೋ ಅಂಗೈ ಮೇಲೆ ಕರ್ಪೂರ ಹಚ್ಚಿಯೇ ಬಿಟ್ಟರು. ಥಿಯೇಟರಿನವರು ಟಾರ್ಚು ಹಿಡಿದು ಓಡಿ ಬಂದು, ಬೈದು, ಆರಿಸಿದರು. ಆರಿಸಿದರೆ ವಾಸನೆ ಹೋಗುತ್ತದೆಯೇ... ಸುತ್ತಮುತ್ತ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಒಂದು ಹನಿ ಬರಲಿಲ್ಲ. ಬಂದದ್ದು ಪಕ್ಕದ ಮನೆ ಅತ್ತೆಯ ನೆನಪು, ಅದರ ಬೆನ್ನಿಗೇ ಹಳೆಯ ಸಿಟ್ಟು.

ಅತ್ತೆ ಅಂದರೆ ನನ್ನ ಗಂಡನ ತಾಯಿಯಲ್ಲ. ಕಾಮಸಮುದ್ರದ ಕಡೆಯ ಹಳ್ಳಿಯಿಂದ ನಾನು ಮದುವೆಯಾಗಿ ಊರಿಗಾಂ ಲೈನಿಗೆ, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಿಗೆ ಬಂದಾಗ, ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಈ ಕಡೆ ನಾನು ಒಗ್ಗರಣೆ ಹಾಕಿದರೆ ಆ ಕಡೆ ಅವರು ಸೀನುತ್ತಿದ್ದರು. ಬಂದ ಹೊಸದರಲ್ಲಿ ನನಗೆ ಆ ಲೈನಿನ ಭಾಷೆಯೇ ತಲೆಗೆ ಹತ್ತುತ್ತಿರಲಿಲ್ಲ. ಅತ್ತೆ ಬೈಯುವುದು ತೆಲುಗಿನಲ್ಲಿ, ದೇವರ ಹತ್ತಿರ ಮಾತಾಡುವುದು ತಮಿಳಿನಲ್ಲಿ, ನನ್ನ ಜೊತೆ ಮಾತ್ರ ಕನ್ನಡ. ಮೊದಲ ಸಲ ಗಣಿಗೆ ಇಳಿಯುವ ಶಾಫ್ಟಿನ ಕಡೆಯಿಂದ ನೆಲ ಗುಡುಗಿ, ಗೂಡಿನಲ್ಲಿದ್ದ ಲೋಟಗಳೆಲ್ಲ ಗಲಗಲ ಅಂದಾಗ ನಾನು ಕಿರುಚಿಕೊಂಡು ಬೀದಿಗೆ ಓಡಿದ್ದೆ. ಅವರು ಬಂದು ನನ್ನ ರಟ್ಟೆ ಹಿಡಿದು ಒಳಗೆ ಕೂರಿಸಿ, ಕಾಫಿ ಕಾಸಿಕೊಟ್ಟು, ಸೈರನ್ ಕೂಗಿದರೆ ಮಾತ್ರ ಓಡಬೇಕು, ಬರೀ ಲೋಟ ಅಲುಗಿದರೆ ಓಡಬಾರದು ಅಂತ ಹೇಳಿಕೊಟ್ಟರು. ಲೈನಿನಲ್ಲಿ ಬದುಕುವುದನ್ನು ನಾನು ಕಲಿತದ್ದು ಅವರಿಂದ.

ಅವರ ಗಂಡ ಗಣಿಯೊಳಗೆ ಕಲ್ಲು ಕುಸಿದು ಸತ್ತವರು. ನಾನು ಬರುವುದಕ್ಕೆ ಮುಂಚಿನ ಮಾತು. ಅವರ ಜೊತೆ ಇನ್ನೊಬ್ಬರೂ ಸತ್ತರು, ನಮ್ಮ ಎದುರು ಸಾಲಿನ ಅಕ್ಕನ ಗಂಡ. ಸತ್ತದ್ದಂತೂ ಸತ್ತರು. ಆಮೇಲೆ ವಿಚಾರಣೆ ಆದಾಗ ಅವರ ಮೇಸ್ತ್ರಿ ಒಂದು ಮಾತು ಹೇಳಿಬಿಟ್ಟ. ಬೇಡ ಅಂದರೂ ಕೇಳದೆ, ಬೇಗ ಕೆಲಸ ಮುಗಿಸಿ ಮೇಲೆ ಹೋಗುವ ಅವಸರಕ್ಕೆ, ಅತ್ತೆಯ ಗಂಡ ಇನ್ನೊಬ್ಬನನ್ನೂ ಕರೆದುಕೊಂಡು ತಾನಾಗಿ ಒಳಗೆ ನುಗ್ಗಿದ ಅಂತ. ಅಲ್ಲಿಗೆ ಮುಗಿಯಿತು. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಅತ್ತೆಯ ಗಂಡ ತಾನೂ ಸತ್ತು ಇನ್ನೊಂದು ಮನೆಯನ್ನೂ ಹಾಳು ಮಾಡಿದವನು ಅಂತ ಊರು ತೀರ್ಮಾನ ಮಾಡಿತು.

ಎದುರು ಸಾಲಿನ ಅಕ್ಕ ಅವತ್ತಿನಿಂದ ಅತ್ತೆಯ ಜೊತೆ ಮಾತು ಬಿಟ್ಟರು. ಮುಂಚೆ ಇಬ್ಬರೂ ಒಂದೇ ಒರಳಿನಲ್ಲಿ ರುಬ್ಬುತ್ತಿದ್ದವರಂತೆ. ನಾನು ನೋಡುವ ಹೊತ್ತಿಗೆ ಬೀದಿ ನಲ್ಲಿಯ ಹತ್ತಿರ ಅತ್ತೆ ಬಂದರೆ ಆ ಅಕ್ಕ ತುಂಬದ ಬಿಂದಿಗೆಯನ್ನೇ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಅತ್ತೆ ಅದಕ್ಕೆ ಅವರನ್ನು ಒಂದು ದಿನವೂ ಬೈದದ್ದಿಲ್ಲ. ಎಂಥವರನ್ನೂ ಬೈಯುವ ಬಾಯಿ ಅದು, ಆ ಅಕ್ಕನ ವಿಷಯಕ್ಕೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಒಂದು ಸಲ ನಾನೇ ತಡೆಯಲಾರದೆ ಕೇಳಿದೆ.

"ಅವಳ್ದೇನು ತಪ್ಪೈತೆ ಕಣೆ," ಅಂದರು. "ಅವಳಿಗೆ ಯಾರು ಏನು ಯೋಳಿದ್ರೋ ಅದನ್ನ ನಂಬವ್ಳೆ. ಯೋಳ್ದೋನು ಬಂದು ಸುಳ್ಳು ಅಂತ ಯೋಳಬೇಕು. ನಂಗೆ ಬೇಕಿರೋದು ಅದೊಂದೇ."

ಅತ್ತೆಗೆ ನಮ್ಮ ಟಾಕೀಸಿನಲ್ಲಿ ಗುಡಿಸುವ ಕೆಲಸ, ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ. ಈಗಿನವರಿಗೆ ಹೇಳಿದರೆ ನಗುತ್ತಾರೆ, ಭಕ್ತಿ ಸಿನಿಮಾ ಬಂತೆಂದರೆ ನಮ್ಮ ಟಾಕೀಸು ದೇವಸ್ಥಾನವೇ ಆಗಿಹೋಗುತ್ತಿತ್ತು. ಚಪ್ಪಲಿ ಹೊರಗೆ. ಬಾಗಿಲಿಗೆ ಮಾವಿನ ತೋರಣ. ಪರದೆಯ ಮುಂದೆ ಒಂದು ಸ್ಟೂಲು, ಅದರ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಬಿಲ್ಲೆ ಕರ್ಪೂರ. ಪರದೆಯ ಮೇಲೆ ದೇವರು ಬರುವ ಹೊತ್ತಿಗೆ ಸರಿಯಾಗಿ ಒಬ್ಬ ಮುತ್ತೈದೆ ಹೋಗಿ ಕರ್ಪೂರ ಹಚ್ಚಿ ಆರತಿ ಎತ್ತಬೇಕು. ರೀಲು ನಿಲ್ಲಿಸಿದರೆ ದೀಪದ ಬಿಸಿಗೆ ಸುಟ್ಟುಹೋಗುತ್ತದಲ್ಲ, ಹಾಗಾಗಿ ದೇವರು ಮಾಯವಾಗುವುದರೊಳಗೆ ಆರತಿ ಮುಗಿಯಬೇಕು. ಕೆಲವರು ಗಡಿಬಿಡಿಯಲ್ಲಿ ರಾಕ್ಷಸನಿಗೆ ಬೆಳಗಿ ಬಂದದ್ದೂ ಉಂಟು. ಗಂಡ ಸತ್ತವಳು ಆ ತಟ್ಟೆ ಮುಟ್ಟುವ ಹಾಗಿರಲಿಲ್ಲ. ಆಟ ಬಿಟ್ಟ ಮೇಲೆ ತೆಂಗಿನ ಚಿಪ್ಪು, ಹೂವು, ಕರ್ಪೂರದ ಮಸಿ ಎಲ್ಲ ಗುಡಿಸುವುದಕ್ಕೆ ಮಾತ್ರ ಅತ್ತೆ.

ನಾನು ಬಂದ ಕೆಲವು ವರ್ಷಕ್ಕೆ ಮೇಸ್ತ್ರಿಗೆ ಭಕ್ತಿ ಹಿಡಿಯಿತು. ಹಿಡಿಯಿತು ಅಂದರೆ ಸಾಮಾನ್ಯಕ್ಕಲ್ಲ. ಶಾಫ್ಟಿನ ಹತ್ತಿರದ ಗುಡಿಗೆ ಗೋಪುರ ಕಟ್ಟಿಸಿದ. ತಿರುಪತಿಗೆ ನಡೆದುಕೊಂಡು ಹೋಗಿ ತಲೆ ಬೋಳಿಸಿಕೊಂಡು ಬಂದ. ಮಾಂಸ ಬಿಟ್ಟ, ಬೀಡಿ ಬಿಟ್ಟ. ಬಿಡದೆ ಉಳಿಸಿಕೊಂಡದ್ದು ಆ ಒಂದು ಸುಳ್ಳು ಮಾತ್ರ. ಅವನಿಗೆ ನಿದ್ದೆ ಬರುವುದಿಲ್ಲವಂತೆ, ಪಾಪ, ಸತ್ತವರು ಕನಸಿನಲ್ಲಿ ಬರುತ್ತಾರಂತೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಅವನು ಏನೋ ಮುಚ್ಚಿಟ್ಟಿದ್ದಾನೆ ಅನ್ನುವ ಅನುಮಾನ ಅವರಿಗೂ ಇತ್ತು, ಕೇಳಿದವರಿಲ್ಲ. ಪಾಪವಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬಾಯಿ ಬಿಡುವ ಹಾಗಿರಲಿಲ್ಲ, ನನ್ನ ಗಂಡ ಆಗ ಅವನ ಕೈಕೆಳಗೇ ಕೆಲಸ ಮಾಡುತ್ತಿದ್ದರು.

ಆ ವರ್ಷ ಟಾಕೀಸಿಗೆ ಒಂದು ಪಾಳೇಗಾರನ ಸಿನಿಮಾ ಬಂತು. ಪಾಳೇಗಾರ ದೊಡ್ಡ ಕೆರೆ ಕಟ್ಟಿಸುತ್ತಾನೆ. ಮಳೆಗಾಲದಲ್ಲಿ ಏರಿ ಬಿರುಕು ಬಿಟ್ಟಾಗ ಕೂಲಿಯವರನ್ನು ಬಲವಂತವಾಗಿ ತೂಬಿನೊಳಗೆ ಇಳಿಸುತ್ತಾನೆ. ಅವರು ಮುಳುಗಿ ಸಾಯುತ್ತಾರೆ, ಕೆರೆ ಉಳಿಯುತ್ತದೆ. ಆಮೇಲೆ ಅವನಿಗೆ ಪಶ್ಚಾತ್ತಾಪ, ಸನ್ಯಾಸ, ಹಾಡಿನ ಮೇಲೆ ಹಾಡು, ಕೊನೆಗೆ ದೇವರು ಪ್ರತ್ಯಕ್ಷನಾಗಿ ಕ್ಷಮಿಸಿ ತಬ್ಬಿಕೊಳ್ಳುತ್ತಾನೆ. ಅಷ್ಟೂ ಸಿನಿಮಾದಲ್ಲಿ ಸತ್ತ ಕೂಲಿಯವರ ಮನೆಯವರು ಅಂತ ಬರುವುದು ಒಬ್ಬಳೇ ಒಬ್ಬಳು. ತಲೆಯ ಮೇಲೆ ಬುತ್ತಿ ಹೊತ್ತುಕೊಂಡು ಗಂಡನಿಗೆ ಊಟ ಕೊಡುವುದಕ್ಕೆ ಅರಮನೆ ಬಾಗಿಲಿಗೆ ಬರುತ್ತಾಳೆ. ಕಾವಲಿನವರು ನೂಕುತ್ತಾರೆ. ಅವಳು ಹೋಗುತ್ತಾಳೆ. ಮತ್ತೆ ಸಿನಿಮಾದಲ್ಲಿ ಎಲ್ಲೂ ಬರುವುದಿಲ್ಲ.

ಮೇಸ್ತ್ರಿ ಆ ಸಿನಿಮಾ ನೋಡಿ ಟಾಕೀಸಿನಲ್ಲೇ ಬಿಕ್ಕಿ ಬಿಕ್ಕಿ ಅತ್ತನಂತೆ. ಮಾರನೆಯ ದಿನ ಲೈನಿನ ಹಿರಿಯರನ್ನು ಸೇರಿಸಿ, ಭಾನುವಾರ ಮಧ್ಯಾಹ್ನದ ಆಟ ಪೂರ್ತಿ ನನ್ನ ಕಡೆಯಿಂದ, ಎಲ್ಲರೂ ಬನ್ನಿ ಅಂದ. ಅಷ್ಟೇ ಅಲ್ಲ. ದೇವರು ಕ್ಷಮಿಸುವ ಜಾಗದಲ್ಲಿ ಆರತಿಯನ್ನು ಅತ್ತೆಯೇ ಎತ್ತಬೇಕು ಅಂದ. ವಿಧವೆಯ ಕೈಗೆ ಆರತಿ ತಟ್ಟೆ! ಹಿರಿಯರು ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ಎಂಥ ದೊಡ್ಡ ಮನಸ್ಸು, ಹಳೇ ಕಟ್ಟುಪಾಡನ್ನೇ ಮುರಿದ ಅಂತ ಹೊಗಳಿದರು. ಅದರ ಅರ್ಥ ಏನು ಅಂತ ನಲ್ಲಿಯ ಹತ್ತಿರ ನಿಂತ ಒಬ್ಬೊಬ್ಬ ಹೆಂಗಸಿಗೂ ಗೊತ್ತಿತ್ತು. ಊರೆಲ್ಲ ನೋಡುವಾಗ ಅತ್ತೆ ಆ ಜಾಗದಲ್ಲಿ ಆರತಿ ಎತ್ತಿದರೆ ಅವನನ್ನು ಕ್ಷಮಿಸಿದ ಹಾಗೆ. ಅವನು ಹೇಳಿದ ಸುಳ್ಳು ಹಾಗೇ ಉಳಿಯುತ್ತದೆ, ಅವನ ಪಾಪ ಮಾತ್ರ ತೊಳೆದು ಹೋಗುತ್ತದೆ. ಅತ್ತೆಯ ಗಂಡ ಮಾತ್ರ ಕೊನೆಯವರೆಗೂ ಜೊತೆಗಾರನನ್ನು ಕೊಂದವನಾಗಿಯೇ ಉಳಿಯುತ್ತಾನೆ.

ಟಾಕೀಸಿನ ಯಜಮಾನರು ಅತ್ತೆಯನ್ನು ಕರೆದು, ಒಪ್ಪಿಕೋ, ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ನಯವಾಗಿಯೇ ಹೇಳಿದರು. ನಮ್ಮ ಮನೆಯಲ್ಲಿ ನನ್ನ ಗಂಡನ ತಾಯಿ, ನೀನಾದರೂ ಬುದ್ಧಿ ಹೇಳು, ನಮ್ಮ ಹುಡುಗನೂ ಅವನ ಗ್ಯಾಂಗಿನಲ್ಲೇ ಇದ್ದಾನೆ ಅಂತ ನನ್ನ ಬೆನ್ನು ಹತ್ತಿದರು. ನಾನು ಹೋಗಿ ಅತ್ತೆಯ ಮುಂದೆ ಕೂತೆ. ಅವರು ಅವರೇಕಾಳು ಹಿದುಕುತ್ತಿದ್ದರು. ನಾನೂ ಹಿದುಕಿದೆ. ಎತ್ತಬೇಡಿ ಅತ್ತೆ, ನಮ್ಮದೇನಾದರೂ ಆಗಲಿ ಅಂದೆ. ಆ ಮಾತು ಹೇಳಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ. ಅವರು ತಲೆ ಎತ್ತದೆ, ಎತ್ತುತ್ತೀನಿ ಅಂತ ಒಪ್ಪಿಕೊಂಡಾಯಿತು ಅಂದರು. ನನಗೆ ಅಳುವೇ ಬಂತು. ಎದ್ದು ಬಂದುಬಿಟ್ಟೆ, ಅವತ್ತೆಲ್ಲ ಅವರ ಜೊತೆ ಮಾತಾಡಲಿಲ್ಲ.

ಭಾನುವಾರ ಟಾಕೀಸು ಜೇನುಗೂಡಿನ ಹಾಗೆ ತುಂಬಿತ್ತು. ಮೇಸ್ತ್ರಿ ಬಿಳಿ ಪಂಚೆ ಉಟ್ಟು ಹಿರಿಯರ ಜೊತೆ ಮುಂದೆ ಕೂತಿದ್ದ. ಎದುರು ಸಾಲಿನ ಅಕ್ಕನೂ ಬಂದಿದ್ದರು. ಅತ್ತೆ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹಿತ್ತಾಳೆ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಮೇಸ್ತ್ರಿ ತಟ್ಟೆಯ ತುಂಬ ಕರ್ಪೂರ ಹಾಕಿಸಿದ್ದ.

ಸಿನಿಮಾ ಶುರುವಾಯಿತು. ಕೆರೆ ಕಟ್ಟಿದರು, ಮಳೆ ಬಂತು, ಕೂಲಿಯವರು ಇಳಿದರು, ಸತ್ತರು. ಅರಮನೆಯ ಬಾಗಿಲು ಕಾಣಿಸಿತು. ಬುತ್ತಿ ಹೊತ್ತವಳು ದೂರದಿಂದ ನಡೆದು ಬರುತ್ತಿದ್ದಳು.

ಅತ್ತೆ ಎದ್ದು ನಿಂತರು. ಕಡ್ಡಿ ಗೀರಿ ಕರ್ಪೂರಕ್ಕೆ ಹಿಡಿದರು. ಒಂದು ಬಿಲ್ಲೆಗಲ್ಲ, ತಟ್ಟೆಯಲ್ಲಿದ್ದ ಅಷ್ಟಕ್ಕೂ. ಭಗ್ಗನೆ ಹತ್ತಿಕೊಂಡಿತು. ಮುಂದಿನ ಸಾಲಿನಿಂದ, ಈಗಲ್ಲ, ಈಗಲ್ಲ ಅಂತ ಯಾರೋ ಕೈ ಆಡಿಸಿದರು. ಪಾಪ, ಮುದುಕಿಗೆ ಜಾಗ ತಪ್ಪಿತು ಅಂತ ನನ್ನ ಹಿಂದೆ ಒಬ್ಬರು ನಕ್ಕರು. ಅತ್ತೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬುತ್ತಿ ಹೊತ್ತವಳಿಗೆ, ಮುಖಕ್ಕೆ, ಬುತ್ತಿಗೆ, ಬರಿಗಾಲಿಗೆ ನಿಧಾನವಾಗಿ ಬೆಳಗಿದರು. ಕಾವಲಿನವರು ಅವಳನ್ನು ನೂಕಿದರು, ಅವಳು ತಿರುಗಿ ನಡೆದಳು, ಅತ್ತೆ ಬೆಳಗುತ್ತಲೇ ಇದ್ದರು. ಅವಳು ಪರದೆಯಿಂದ ಹೋದ ಮೇಲೆ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಉರಿಯ ಮೇಲೆ ಕೈ ತೋರಿಸಿ ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿ ನಿಂತರು. ಜಾಗ ತಪ್ಪಿದ್ದಲ್ಲ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಸಿನಿಮಾ ನಡೆಯುತ್ತಲೇ ಇತ್ತು. ಪಾಳೇಗಾರ ಅತ್ತ, ಹಾಡಿದ, ಉರುಳಿದ. ಕೊನೆಗೆ ದೇವರು ಬಂದ. ತಟ್ಟೆಯಲ್ಲಿ ಬರೀ ಮಸಿ. ಅತ್ತೆ ಕೈ ಕಟ್ಟಿಕೊಂಡು ನಿಂತಿದ್ದರು. ದೇವರು ಪಾಳೇಗಾರನನ್ನು ತಬ್ಬಿಕೊಂಡು, ಆರತಿಯೇ ಇಲ್ಲದೆ, ಮಾಯವಾದ. ಮೇಸ್ತ್ರಿ ಸಿನಿಮಾ ಮುಗಿಯುವುದಕ್ಕೆ ಮುಂಚೆಯೇ ಎದ್ದು ಹೋದ. ನನಗೆ ಸೀಟಿನ ಮೇಲೆ ಹತ್ತಿ ಶಿಳ್ಳೆ ಹೊಡೆಯಬೇಕು ಅನ್ನಿಸಿತು, ದೇವರಾಣೆ. ಗಂಡನ ತಾಯಿ ಪಕ್ಕದಲ್ಲಿದ್ದರು ಅಂತ ಸುಮ್ಮನಿದ್ದೆ.

ಆಮೇಲೆ ಏನಾಗಬೇಕೋ ಅದೇ ಆಯಿತು. ಟಾಕೀಸಿನ ಕೆಲಸ ಹೋಯಿತು. ಲೈನಿನವರು ಬಾಯಿಗೆ ಬಂದ ಹಾಗೆ ಆಡಿಕೊಂಡರು. ದೇವರೇ ಕ್ಷಮಿಸಿದರೂ ಇವಳು ಕ್ಷಮಿಸುವುದಿಲ್ಲವಂತೆ, ಹೆಣ್ಣಾಗಿ ಇಷ್ಟು ಕಲ್ಲೆದೆಯೇ ಅಂದರು. ಅಲ್ಲ, ನಾನು ಕೇಳುತ್ತೇನೆ, ದೇವರಿಗೆ ಏನು ಹೋಗಿತ್ತು? ದೇವರ ಗಂಡ ಸತ್ತಿದ್ದನೇ? ತನ್ನದಲ್ಲದ ನೋವನ್ನು ಕ್ಷಮಿಸುವುದು ಯಾರಿಗೂ ಸುಲಭ. ಅತ್ತೆ ಅದಕ್ಕೆಲ್ಲ ಉತ್ತರ ಕೊಡುವುದಕ್ಕೆ ಹೋಗಲಿಲ್ಲ. ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡುವ ರೈಲು ಹತ್ತಿ ಬಂಗಾರಪೇಟೆಗೆ ಬಂದು, ಒಂದು ಛತ್ರದಲ್ಲಿ ಪಾತ್ರೆ ತೊಳೆಯುವುದಕ್ಕೆ ಸೇರಿಕೊಂಡರು. ನನ್ನ ಗಂಡನಿಗೆ ಮೇಸ್ತ್ರಿ ಏನೂ ತೊಂದರೆ ಕೊಡಲಿಲ್ಲ, ಅದನ್ನೂ ಹೇಳಬೇಕು. ಅವನು ಆಮೇಲಾಮೇಲೆ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲವಂತೆ.

ಚಳಿಗಾಲ ಬಂತು. ಮೇಸ್ತ್ರಿ ಶಬರಿಮಲೆಗೆ ಮಾಲೆ ಹಾಕಿಕೊಂಡ. ಯಾತ್ರೆಗೆ ಹೊರಡುವ ಮುಂಚೆ ಮಾಲೆ ಹಾಕಿದವರು ಮನೆ ಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ ಅಂತ ಕೇಳಿಕೊಳ್ಳುವುದು ನಮ್ಮ ಕಡೆ ರೂಢಿ. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ, ಮಾಲೆ ಹಾಕಿದವನು ಅಯ್ಯಪ್ಪನೇ ಅಂತ ಲೆಕ್ಕ. ಒಂದು ಸಂಜೆ ಕಪ್ಪು ಪಂಚೆ ಉಟ್ಟು, ಕುರುಚಲು ಗಡ್ಡ ಬಿಟ್ಟುಕೊಂಡು, ಅತ್ತೆಯ ಬಾಗಿಲಿಗೆ ಬಂದು ನಿಂತ. ನಾನು ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದೆ. ಅವನು ಮಂಡಿಯೂರಿ, ಅತ್ತೆಗೆ ಮಾತ್ರ ಕೇಳುವ ಹಾಗೆ ಏನೇನೋ ಹೇಳಿದ. ಹೇಳುತ್ತಾ ಹೇಳುತ್ತಾ ಹಣೆಯನ್ನು ಹೊಸ್ತಿಲಿಗೆ ಹಚ್ಚಿದ. ನಾಟಕವಲ್ಲ ಅಂತ ನನಗೂ ಅನ್ನಿಸಿತು. ಇನ್ನು ಅತ್ತೆ ಸೋತರು ಅಂದುಕೊಂಡೆ.

"ಸ್ವಾಮಿ, ಇಲ್ಲಿ ಬ್ಯಾಡ," ಅಂದರು ಅತ್ತೆ. "ಇಲ್ಲಿ ಯೋಳಿದ್ರೆ ನಂಗೊಬ್ಬಳಿಗೇ ಕೇಳ್ತೈತೆ. ನೀವು ಆವತ್ತು ಯೋಳಿದ್ದು ಊರಿಗೆಲ್ಲಾ ಕೇಳೈತೆ. ಬೆಳಗ್ಗೆ ನಲ್ಲಿ ಅತ್ರ ಬತ್ತೀನಿ. ಅಲ್ಲಿ ಯೋಳಿ."

ಬರುವುದಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಬಂದ. ಬೆಳಗಿನ ನೀರಿಗೆ ಹೆಂಗಸರು ಬಿಂದಿಗೆ ಸಾಲು ಇಟ್ಟಿದ್ದರು. ಶಿಫ್ಟಿಗೆ ಹೊರಟ ಗಂಡಸರು ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಹಾದು ಹೋಗುತ್ತಿದ್ದರು. ಎದುರು ಸಾಲಿನ ಅಕ್ಕ ಎಂದಿನಂತೆ ಅತ್ತೆಯನ್ನು ಕಂಡು ಅರೆ ಬಿಂದಿಗೆಯನ್ನು ಎತ್ತಿಕೊಳ್ಳುವುದಕ್ಕೆ ಬಗ್ಗಿದ್ದರು. ಮೇಸ್ತ್ರಿ ನಲ್ಲಿ ಕಟ್ಟೆಯ ಪಕ್ಕ ನಿಂತ.

"ಅವರು ಅವರಾಗಿ ಒಳಿಕ್ಕೆ ಓಗ್ಲಿಲ್ಲ," ಅಂದ. "ಇವಳ ಗಂಡ ಬ್ಯಾಡ ಅಂದ. ಕಲ್ಲು ಮಾತಾಡ್ತೈತೆ, ಲಟಲಟ ಅಂತೈತೆ, ಇವತ್ತು ಬ್ಯಾಡ ಅಂದ. ನಾನು ಬೈದು ಕಳ್ಸಿದೆ. ಇಬ್ರನ್ನೂ ನಾನೇ ಕಳ್ಸಿದೆ."

ನಲ್ಲಿಯಲ್ಲಿ ನೀರು ಸುರಿಯುತ್ತಲೇ ಇತ್ತು, ಯಾರೂ ನಿಲ್ಲಿಸಲಿಲ್ಲ. ಶಿಫ್ಟಿನ ಗಂಡಸರು ನಿಂತಲ್ಲೇ ನಿಂತರು. ಮೇಸ್ತ್ರಿ ನೆಲಕ್ಕೆ ಬಿದ್ದು, ಕ್ಷಮಿಸು ತಾಯಿ ಅಂದ. ಹಿರಿಯರೊಬ್ಬರು ಮುಂದೆ ಬಂದು, ಆಯಿತಲ್ಲಮ್ಮ, ನೀನು ಕೇಳಿದ್ದನ್ನೂ ಮಾಡಿದ, ಇನ್ನು ಒಂದು ಮಾತು ಹೇಳಿಬಿಡು ಅಂದರು. ಎಲ್ಲರೂ ಅತ್ತೆಯ ಬಾಯಿ ನೋಡುತ್ತಿದ್ದರು. ಇಲ್ಲಿ ದೇವರು ತಬ್ಬಿಕೊಳ್ಳಬೇಕು, ಹಾಡು ಬರಬೇಕು...

"ಈಗ ಯೋಳಿದ್ದು ನನ್ನ ಗಂಡಂದು, ಅವನಿಗೆ ಸೇರ್ತು," ಅಂದರು ಅತ್ತೆ. "ಅವನ ಎಸರಿಗೆ ಅಂಟಿದ್ದ ಮಸಿ ತೊಳೀತು, ಒಳ್ಳೇದಾಯ್ತು. ನೀವು ಕೇಳ್ತಾ ಇರೋದು ನಂದು. ಅದನ್ನ ನಾನು ಕೊಡಾಕಿಲ್ಲ. ಓಗಿ ಬನ್ನಿ ಸ್ವಾಮಿ, ಬೆಟ್ಟ ಸುಖವಾಗಿ ಅತ್ತಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅಂಗಡಿಯವರು ಇವತ್ತು ಬೆಲ್ಲ ಇಲ್ಲ ಅನ್ನುತ್ತಾರಲ್ಲ, ಹಾಗೆ ಹೇಳಿದರು. ಹೇಳಿ ಬಿಂದಿಗೆಗೆ ಬಗ್ಗಿದರು. ಆಗ ಎದುರು ಸಾಲಿನ ಅಕ್ಕ ತಮ್ಮ ಬಿಂದಿಗೆಯನ್ನು ಕೆಳಗಿಟ್ಟು, ಅಡ್ಡ ಬಂದು, ಅತ್ತೆಯ ಬಿಂದಿಗೆಗೆ ಕೈ ಹಾಕಿದರು. ಎತ್ತಿ ಅತ್ತೆಯ ಸೊಂಟಕ್ಕೆ ಇಟ್ಟರು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯದೆ ಹಾಗೇ ನಿಂತುಬಿಟ್ಟರು. ಅಷ್ಟು ವರ್ಷದಲ್ಲಿ ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಿಂದಿಗೆಯ ನೀರೆಲ್ಲ ಇಬ್ಬರ ಸೀರೆಯ ಮೇಲೂ ತುಳುಕಿತು.

ಮೇಸ್ತ್ರಿ ಬೆಟ್ಟಕ್ಕೆ ಹೋಗಿ ಬಂದ, ಆಮೇಲೂ ಕೆಲವು ವರ್ಷ ಬದುಕಿದ್ದ. ರಾತ್ರಿ ನಿದ್ದೆ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ನನಗಿರಲಿಲ್ಲ. ಅವನು ಸತ್ತಾಗ ಅತ್ತೆ ಹೋಗಿ ಬಾಗಿಲಲ್ಲಿ ನಿಂತು ಬಂದರು. ಕ್ಷಮಿಸಿದಿರಾ ಅತ್ತೆ ಅಂತ ಕೇಳಿದ್ದಕ್ಕೆ, ಸತ್ತ ಮನೆಗೆ ಹೋಗಲೇಬೇಕಲ್ಲ ಅಂದರು, ಅಷ್ಟೆ. ಜನ ಏನಾದರೂ ಅಂದುಕೊಳ್ಳಲಿ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುವುದಕ್ಕೆ ಊರೆಲ್ಲ ಸೇರಿದರೂ ಆಗಲಿಲ್ಲ, ದೇವರನ್ನು ಮುಂದಿಟ್ಟುಕೊಂಡು ಬಂದರೂ ಆಗಲಿಲ್ಲ.

ಗಣಿ ಮುಚ್ಚಿತು. ನಾವು ಬಂಗಾರಪೇಟೆಗೆ ಬಂದೆವು. ಅತ್ತೆ ಲೈನು ಬಿಡಲಿಲ್ಲ. ಕೊನೆಗಾಲದಲ್ಲಿ ಎದುರು ಸಾಲಿನ ಅಕ್ಕ ಅವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ತೀರಿಕೊಂಡ ಸುದ್ದಿ ಬಂದು ನಾನು ರೈಲು ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟಾಕೀಸು ಇದ್ದ ಜಾಗದಲ್ಲಿ ಈಗ ಗೋಡೆಯೂ ಇಲ್ಲ, ಜಾಲಿ ಬೆಳೆದಿದೆ. ಅವರ ಹಾಗೆ ಬೈಯುವವರು, ಅವರ ಹಾಗೆ ಇಲ್ಲ ಅನ್ನುವವರು ನನಗೆ ಮತ್ತೆ ಸಿಗಲಿಲ್ಲ...

ಹೋದ ತಿಂಗಳು ಆ ಥಿಯೇಟರಿನಿಂದ ಹೊರಗೆ ಬಂದಾಗ ಮಗಳ ಕಣ್ಣು ಕೆಂಪಾಗಿತ್ತು. ಎಂಥ ಸಿನಿಮಾ ಅಲ್ವಾಮ್ಮ, ನಿನಗೆ ಅಳು ಬರಲಿಲ್ವಾ ಅಂದಳು. ಆ ದಂಡನಾಯಕ ಸುಟ್ಟ ಊರಿನಲ್ಲಿ ಒಬ್ಬಳು ಮಗುವನ್ನು ಹುಡುಕುತ್ತಿದ್ದಳಲ್ಲ, ಅವಳು ಆಮೇಲೆ ಏನಾದಳು ಅಂತ ಕೇಳಿದೆ. ಯಾವ ಹೆಂಗಸಮ್ಮ, ನಾನು ನೋಡಲೇ ಇಲ್ಲ ಅಂದಳು.

ಮನೆಗೆ ಬಂದು ಕೈಕಾಲು ತೊಳೆದು, ತಟ್ಟೆಯಲ್ಲಿ ಕರ್ಪೂರ ಹಚ್ಚಿದೆ. ದೇವರ ಗೂಡಿಗೆ ಬೆನ್ನು ಹಾಕಿ, ಬಾಗಿಲ ಕಡೆ ತಿರುಗಿ ಬೆಳಗಿದೆ. ಅಲ್ಲಿ ಯಾರಿದ್ದಾರೆ, ಯಾರಿಗೆ ಬೆಳಗ್ತಿದೀಯಮ್ಮ ಅಂತ ಮಗಳು ಅಡುಗೆಮನೆಯಿಂದ ಕೇಳಿದಳು. ಬಾ, ಇಲ್ಲಿ ಕೂತುಕೋ, ಹೇಳ್ತೀನಿ ಅಂದೆ.